ಎಳ್ಳಮಾಸಿಯ ಸಮಾಸ

ಸಂಸ್ಕೃತ ಪಾಠಶಾಲೆಗಳಲ್ಲಿ ರೂಪಾವಳಿಯ ಜೊತೆಜೊತೆಗೆ ಬಾಲಕರ ಕೈಗೆ ಬರುತ್ತಿದ್ದುದು ಸಮಾಸಚಕ್ರವೆಂಬ ಕಿರುಹೊತ್ತಗೆ. ಅದರ ಕಂಠಪಾಠದ ಬೇಸರವನ್ನು ಕಳೆಯಲು ಪಂಡಿತರಲ್ಲಿ ಒಂದು ವಿನೋದವಿತ್ತು. ಭಿಕ್ಷುಕನೊಬ್ಬನು ಅರಸನೆದುರು ನಿಂತು, ಇಬ್ಬರೂ ಲೋಕನಾಥರೇ, ಆದರೆ ಅರಸನು ತತ್ಪುರುಷ, ತಾನು ಬಹುವ್ರೀಹಿ ಎಂದನಂತೆ. ಲೋಕಕ್ಕೆ ನಾಥನು ಅರಸು. ಲೋಕವೇ ಯಾರಿಗೆ ನಾಥನೋ ಅವನು ತಿರುಕ. ಇದನ್ನು ಕೇಳಿ ನಕ್ಕ ಹುಡುಗನು ವಿಗ್ರಹವಾಕ್ಯವನ್ನು ಮರೆಯಲಾರನು.

ಕನ್ನಡ ವ್ಯಾಕರಣ ಕಲಿಯುವ ಮಕ್ಕಳಿಗೆ ಈ ನಗೆಗಿಂತ ಅರಿಸಮಾಸದ ಭಯವೇ ಹೆಚ್ಚಾಗಿ ದೊರೆಯಿತು. ಸಂಸ್ಕೃತ ಪದವನ್ನು ಕನ್ನಡ ಪದದೊಡನೆ ಸಮಾಸಗೊಳಿಸುವುದು ದೋಷವೆಂಬ ಮಾತು ಕವಿರಾಜಮಾರ್ಗದಷ್ಟು ಹಳೆಯದು. ಅಮೋಘವರ್ಷ ನೃಪತುಂಗನ (814–878) ಕಾಲದಲ್ಲಿ ಶ್ರೀವಿಜಯನು ಅದನ್ನು ರಚಿಸಿದನು. ಆ ಅರಸನ ರಾಜಧಾನಿ ಮಾನ್ಯಖೇಟವು ಕಾಗಿಣಾ ದಡದ ಇಂದಿನ ಮಳಖೇಡ. ಆ ಕಾಗಿಣೆಯು ಕೂಡುವ ಭೀಮೆಯ ಸೀಮೆಯೇ ಅಫಜಲಪುರ, ಜೇವರ್ಗಿಗಳು. ಆಳಂದದ ಅಮರ್ಜೆಯೂ ಗಾಣಗಾಪುರದ ಬಳಿ ಅದೇ ಭೀಮೆಯನ್ನು ಸೇರುವುದು. ಮುಂದೆ 13ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ವಿಧಿಯನ್ನು ಬಿಗಿಗೊಳಿಸಿದರೂ ಬಿರುದಾವಳಿಗಳಿಗೆ ವಿನಾಯಿತಿಯನ್ನಿತ್ತನು. ತದ್ಭವಗಳು ಕನ್ನಡ ಪದದೊಡನೆ ಕೂಡುವುದಕ್ಕೂ ಅಡ್ಡಿಯಿಲ್ಲ. ಅರಸರ ಬಿರುದಿಗೆ ಸಂದ ಸಲಿಗೆಯು ರೈತನ ಹಬ್ಬಕ್ಕೇಕೆ ಸಲ್ಲಬಾರದೋ!

1948ರ ಸೆಪ್ಟೆಂಬರದವರೆಗೆ, ನಿಜಾಮರ ಆಳ್ವಿಕೆಯಲ್ಲಿ, ಇಲ್ಲಿಯ ಸರಕಾರಿ ಶಾಲೆಗಳಲ್ಲಿ ಉರ್ದುವಿಗೇ ಅಗ್ರಸ್ಥಾನ. ಕನ್ನಡವು ಬಾಳಿದುದು ಬಹುಮಟ್ಟಿಗೆ ಮನೆಯಲ್ಲಿ, ಮಠದಲ್ಲಿ, ಹೊಲದಲ್ಲಿ. ಹೊಲದ ಹಬ್ಬಗಳಲ್ಲಿ ಎರಡನ್ನು ನೋಡಬೇಕು: ಎತ್ತುಗಳನ್ನು ಸಿಂಗರಿಸುವ ಕಾರಹುಣ್ಣಿಮೆ, ಚರಗ ಚೆಲ್ಲುವ ಎಳ್ಳಮಾಸಿ. ಹುಣ್ಣಿಮೆಯು ತದ್ಭವ, ಅಮಾಸಿಯೂ ತದ್ಭವವೇ. ಎರಡೂ ನಿರ್ದುಷ್ಟ. ಆದರೆ ಪಾಟಿಯ ಮೇಲೆ ಎಳ್ಳಮಾಸಿ ಎಂದು ಬರೆದ ಹುಡುಗನು ಗ್ರಾಮ್ಯನೆನಿಸಿಕೊಳ್ಳುವನು. ಗುರುಗಳು ಅದನ್ನಳಿಸಿ ‘ಎಳ್ಳಮಾವಾಸ್ಯೆ’ ಎಂದು ತಿದ್ದುವರು. ಎಳ್ಳು ಕನ್ನಡ, ಅಮಾವಾಸ್ಯೆ ಸಂಸ್ಕೃತ. ಹುಡುಗನ ಬರಹದಲ್ಲಿ ಇಲ್ಲದ ಅರಿಸಮಾಸವು ತಿದ್ದುಪಡಿಯಿಂದಲೇ ಹುಟ್ಟಿತು! ಹೀಗೆ ಅಳಿಸಿಕೊಂಡ ಬಾಲಕನು ಮರುದಿನ ಮನೆಯ ಮಾತನ್ನು ಶಾಲೆಗೆ ತರಲು ಅಂಜುವನು.

ಅಂಥವನಿಗೆ ಮೊದಲು ಬೇಕಾದುದು ಆಟ, ಸೂತ್ರವು ಆಮೇಲಾಗಬಹುದು. ಮಕ್ಕಳನ್ನು ಎರಡು ಸಾಲಾಗಿ ಕೂಡಿಸಿ ಒಂದು ಸಾಲಿನಿಂದ ‘ಎಳ್ಳು’ ಎನ್ನಿಸಿದರೆ ಎದುರು ಸಾಲು ಎಳ್ಳುಂಡೆ, ಎಳ್ಳಮಾಸಿ, ಎಳ್ಳೆಣ್ಣೆ ಎಂದು ಕೂಡಿಸುತ್ತ ಹೋಗಲಿ. ಮರಾಠಿಯ ನೆರೆಯಿಂದ ಬಂದ ಶೇಂಗಾಹೋಳಿಗೆಯೂ, ಪಾರಸಿಯ ಬಾಲವುಳ್ಳ ಪಾಲುದಾರನೂ ಪಂಕ್ತಿಯಲ್ಲಿ ಕುಳಿತುಕೊಳ್ಳಲಿ. ಕೂಡಿಸಿದ್ದಾದ ಮೇಲೆ ಬಿಡಿಸುವ ಸರದಿ. ಆಗ ಎಣ್ಣೆಯನ್ನು ಬಿಡಿಸಲು ಹೇಳಬೇಕು. ಎಳ್ ಮತ್ತು ನೆಯ್ ಕೂಡಿ ಎಣ್ಣೆಯಾಯಿತು, ಅಂದರೆ ಎಳ್ಳಿನ ತುಪ್ಪ. ಹಾಗಾದರೆ ಎಳ್ಳೆಣ್ಣೆಯಲ್ಲಿ ಎಳ್ಳು ಎರಡು ಸಲ. ಶೇಂಗಾದ ಎಣ್ಣೆಯಲ್ಲಿಯೂ ಒಂದು ಸಲ.