ಹೊಗೆ ಎಲ್ಲಿಗೆ ಹೋಯಿತು?

1925ರ ಫೆಬ್ರುವರಿ 3ರಂದು ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ವಿದ್ಯುತ್ ರೈಲೊಂದು ಹೊರಟಿತು. ಭಾರತದಲ್ಲಿ ಅದೇ ಮೊದಲನೆಯದು. ಹವಾಮಾನದ ಚಿಂತೆ ಅಂದು ಯಾರಿಗಿತ್ತು? ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯನ್ನು ಕಾಡುತ್ತಿದ್ದುದು ಉಪನಗರಗಳ ಜನಸಂದಣಿ ಮತ್ತು ಘಟ್ಟದ ಏರು. ಅದೇ ವರ್ಷ ಸರ್ಕಾರವೇ ಆ ರೈಲ್ವೆಯನ್ನು ವಹಿಸಿಕೊಂಡಿತು. 1930ರ ಹೊತ್ತಿಗೆ ತಂತಿ ಖಂಡಾಲಾ ಘಟ್ಟವನ್ನೇರಿ ಪುಣೆಯನ್ನು ಮುಟ್ಟಿತ್ತು.

ಇಲ್ಲೊಂದು ಸ್ವಾರಸ್ಯವಿದೆ. ಘಟ್ಟದ ಬುಡದ ಖೋಪೋಲಿಯಲ್ಲಿ ಟಾಟಾ ಕಂಪೆನಿ 1915ರಿಂದಲೇ ನೀರಿನ ಬಲದಿಂದ ವಿದ್ಯುತ್ತನ್ನು ಉತ್ಪಾದಿಸುತ್ತಿತ್ತು. ಆದರೂ ರೈಲ್ವೆಯವರು ಕಲ್ಯಾಣದ ಬಳಿ, ಠಾಕುರ್ಲಿಯಲ್ಲಿ, ತಮ್ಮದೇ ವಿದ್ಯುದಾಗಾರವೊಂದನ್ನು ಕಟ್ಟಿಸಿಕೊಂಡರು. ಅಲ್ಲಿ ಉರಿದದ್ದು ಕಲ್ಲಿದ್ದಲು! ಎಂಜಿನ್ನಿನ ನೆತ್ತಿಯ ಮೇಲಿದ್ದ ಹೊಗೆಗೊಳವೆಗೆ ಠಾಕುರ್ಲಿಗೆ ವರ್ಗವಾಯಿತೆನ್ನಬಹುದು. ಪ್ರಯಾಣಿಕನ ಕಣ್ಣಿಗೆ ಕಿಡಿ ಬೀಳುವುದೇನೋ ತಪ್ಪಿತು.

ಸ್ವಾತಂತ್ರ್ಯಾನಂತರ, 1957ರಲ್ಲಿ, 25 ಕಿಲೋವೋಲ್ಟಿನ ಪದ್ಧತಿಯನ್ನು ಸರ್ಕಾರ ಆರಿಸಿಕೊಂಡಿತು. 1973ರ ತೈಲದ ಮುಗ್ಗಟ್ಟು ತಂತಿಗೆ ಮತ್ತೊಂದು ಕಾರಣವನ್ನು ಒದಗಿಸಿತು. ಹವಾಮಾನದ ಹೆಸರು ಅದಕ್ಕೆ ಅಂಟಿಕೊಂಡದ್ದು ತೀರ ಈಚೆಗೆ. 2070ರೊಳಗೆ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕಿಳಿಸುವುದಾಗಿ ಪ್ರಧಾನಿ ನರೇಂದ್ರ ಮೋದಿಯವರು 2021ರಲ್ಲಿ ಗ್ಲಾಸ್ಗೋದಲ್ಲಿ ಸಾರಿದರು. ರೈಲ್ವೆ ತನಗೆ 2030ರ ಗಡುವನ್ನೇ ಹಾಕಿಕೊಂಡಿತು. ಬ್ರಾಡ್‌ಗೇಜ್ ಹಳಿಗಳ ಮೇಲೆ ಈಗ ಬಹುಮಟ್ಟಿಗೆ ತಂತಿ ಹರಡಿದೆ. ಆದರೆ 2024ರಲ್ಲಿಯೂ ದೇಶದ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಪಾಲು ಹುಟ್ಟಿದ್ದು ಕಲ್ಲಿದ್ದಲಿನಿಂದ. ಠಾಕುರ್ಲಿಯ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ನನಗೆ ಇದಕ್ಕಿಂತ ದೊಡ್ಡ ಚ್ಯುತಿಯಾಗಿ ತೋರುವುದು ಬೇರೊಂದು. 1951ರ ಸುಮಾರಿಗೆ ದೇಶದ ಸರಕಿನಲ್ಲಿ ಮುಕ್ಕಾಲಕ್ಕೂ ಮಿಕ್ಕಿ ರೈಲಿನಲ್ಲೇ ಸಾಗುತ್ತಿತ್ತು. ತಂತಿ ಹಬ್ಬುತ್ತ ಹೋದ ದಶಕಗಳಲ್ಲೇ ಆ ಸರಕಿನ ಬಹುಪಾಲು ಡೀಸೆಲ್ ಲಾರಿಗಳನ್ನು ಏರಿತು.