ಹತ್ತು ಸಮಸ್ತರ ಕೂಟ, ಬೈಲಾದ ಸಭೆ

ನಮ್ಮ ಕಡೆಯ ಜಾತ್ರೆ, ನೇಮಗಳ ಆಮಂತ್ರಣ ಪತ್ರಿಕೆಯ ಅಡಿಯಲ್ಲಿ ಈಗಲೂ ‘ಊರ ಹತ್ತು ಸಮಸ್ತರು’ ಎಂದು ಅಚ್ಚು ಹಾಕಿಸುವುದುಂಟು. ಹಿಂದೆ ಊರಿನ ಕೆಲಸಕ್ಕೆ ಕೂಟ ಸೇರುತ್ತಿದ್ದದ್ದು ಈ ಹೆಸರಿನಲ್ಲೇ. ಗುತ್ತಿನವರೋ ಗುರಿಕ್ಕಾರರೋ ಚಾವಡಿಯಲ್ಲಿ ಕೂತು ಒಂದು ಮಾತು ಹೇಳಿದರೆ ಮುಗಿಯಿತು. ಆ ಕಾಲವೇ ಚಂದ ಇತ್ತು ಅನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ‘ಸಮಸ್ತರು’ ಎಂಬ ಶಬ್ದದೊಳಗೆ ಎಲ್ಲರೂ ಇರಲಿಲ್ಲ. ಅಂಗಳದಾಚೆ ನಿಂತು ಕೇಳಿಸಿಕೊಳ್ಳುವವರಿದ್ದರು. ಹೆಂಗಸರ ಅಭಿಪ್ರಾಯ ಕೇಳುವ ಮಾತೇ ಇರಲಿಲ್ಲ.

ಬರೆದ ನಿಯಮ ಬಂದದ್ದು ಸಂಘಗಳ ಮೂಲಕ. 1909ರಲ್ಲಿ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರಿ ಸಂಘ ಕಟ್ಟಿದರು. ಪಾಲು ಎಷ್ಟೇ ಇರಲಿ, ಒಬ್ಬನಿಗೆ ಒಂದೇ ಮತ ಎಂಬ ಸಹಕಾರ ತತ್ತ್ವ ನಮ್ಮ ಸೀಮೆಗೂ ಹಬ್ಬಿತು. ಕ್ಲಬ್ಬು, ವಾಚನಾಲಯಗಳಿಗೆ ಆಧಾರವಾದದ್ದು 1860ರ ಸಂಘಗಳ ನೋಂದಣಿ ಕಾನೂನು. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ತಿರುವಾಂಕೂರು–ಕೊಚ್ಚಿ ಭಾಗಕ್ಕೆ 1955ರ ಬೇರೆ ಕಾನೂನು ಉಂಟು. ನಾವು 1956ರ ನವೆಂಬರ್ 1ರವರೆಗೆ ಮದ್ರಾಸಿನವರಾದ್ದರಿಂದ ನಮಗೆ ಹಳೆಯದೇ ಉಳಿಯಿತು.

ಆ ಕಾನೂನಿನ 15ನೇ ಕಲಮು ಹೇಳುವುದೇನೆಂದರೆ, ಮೂರು ತಿಂಗಳಿಗಿಂತ ಹೆಚ್ಚು ಚಂದಾ ಬಾಕಿ ಇಟ್ಟವನಿಗೆ ಮತವಿಲ್ಲ, ಅವನನ್ನು ಸದಸ್ಯನೆಂದು ಲೆಕ್ಕಕ್ಕೂ ಹಿಡಿಯಬಾರದು. ಶಾಲೆಯಲ್ಲಿ ಚರಿತ್ರೆ ಪಾಠ ಮಾಡಿದ ನನಗೆ ಈ ಕಲಮು ಗೊತ್ತಾದದ್ದು ನಮ್ಮ ವಾಚನಾಲಯದ ಒಂದು ಮಹಾಸಭೆಯಲ್ಲಿ. ನಾನೇ ಅಧ್ಯಕ್ಷ. ಸಮಿತಿಯ ಆಯ್ಕೆಗೆ ಕೈ ಎತ್ತಿಸುವ ಹೊತ್ತಿಗೆ ಒಬ್ಬ ಹುಡುಗ ಎದ್ದು ಆ ಕಲಮನ್ನು ಓದಿದ. ಓದಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಬಾಕಿಯಿದ್ದವರಲ್ಲಿ ಒಬ್ಬರು, ಈ ಕಟ್ಟಡಕ್ಕೆ ಮುರಕಲ್ಲು ಹೊತ್ತ ಅಜ್ಜ.

“ಚಂದಾ ಬಾಕಿ ಉಂಟು ಮಾಷ್ಟ್ರೇ, ಇಲ್ಲ ಹೇಳುವುದಿಲ್ಲ. ನಾನು ಕಲ್ಲು ಹೊತ್ತದ್ದು ಯಾವ ಪುಸ್ತಕದಲ್ಲಿ ಬರೆದದ್ದು?”

ನಾನು ಗಡಿಯಾರ ನೋಡಿದೆ. ನಿಯಮ ನಿಯಮವೇ ಅಂತ ಹೇಳಿ ಮತಕ್ಕೆ ಹಾಕಿಬಿಟ್ಟೆ. ಅಜ್ಜ ಬೈರಾಸು ಹೆಗಲಿಗೆ ಹಾಕಿ ಎದ್ದರು. ಅವರ ಹಿಂದೆ ಇನ್ನೂ ಐದಾರು ಜನ ಹೋದರು. ಮುಂದಿನ ತಿಂಗಳು ಸಭೆಗೆ ಕೋರಂ ಇಲ್ಲ.

ಆ ಮೇಲೆ ನಮ್ಮದೇ ಬೈಲಾ ತೆಗೆದೆ. ಅದು ಮಲಯಾಳದಲ್ಲಿತ್ತು, ಎಲ್ಲಿಂದಲೋ ನಕಲು ಮಾಡಿ ತಂದದ್ದಕ್ಕೆ ಸಹಿ ಹಾಕಿದ್ದೆವು, ಓದಿದವರು ಯಾರೂ ಇಲ್ಲ. ಗೊತ್ತಿದ್ದವರಿಂದ ಓದಿಸಿದಾಗ ಅದರಲ್ಲೊಂದು ಸಾಲು: ಬಾಕಿದಾರನಿಗೆ ಖಜಾಂಚಿ ಮೊದಲು ಲಿಖಿತ ತಿಳಿವಳಿಕೆ ಕೊಡಬೇಕು. ಯಾರಿಗೂ ಕೊಟ್ಟಿರಲಿಲ್ಲ. ಅಂದರೆ ನಿಯಮ ತಪ್ಪಿದ್ದು ಅಜ್ಜ ಮಾತ್ರ ಅಲ್ಲ.

ಅದೇ 1860ರ ಕಾನೂನಿನಲ್ಲಿ ನನಗೆ ಮೆಚ್ಚುಗೆಯಾದ ಇನ್ನೊಂದು ಕಲಮು ಉಂಟು, 12ನೆಯದು. ಸಂಘದ ಉದ್ದೇಶವನ್ನೇ ಬದಲಿಸುವುದಾದರೆ ಹತ್ತು ದಿನ ಮೊದಲು ತಿಳಿಸಬೇಕು, ಐದರಲ್ಲಿ ಮೂರು ಪಾಲು ಜನ ಒಪ್ಪಬೇಕು, ಒಂದು ತಿಂಗಳು ಬಿಟ್ಟು ಮತ್ತೆ ಸೇರಿ ಅಷ್ಟೇ ಜನ ಪುನಃ ಒಪ್ಪಬೇಕು. ಸಿಟ್ಟು ಇಳಿಯಲಿಕ್ಕೆ ಅಷ್ಟು ದಿನ ಬೇಕೆಂದು ಬರೆದವರಿಗೆ ಗೊತ್ತಿತ್ತೋ ಏನೋ! ನಮ್ಮ ಜಗಳ ಅಷ್ಟು ದೊಡ್ಡದಲ್ಲ. ಆದರೂ ಆ ಕ್ರಮವನ್ನೇ ಸಾಲ ತಂದೆವು. ಮೊದಲ ಸಭೆಯಲ್ಲಿ ಬೈಲಾವನ್ನು ಕನ್ನಡದಲ್ಲಿ ಓದಿ, ತುಳುವಿನಲ್ಲಿ ವಿವರಿಸಿದ್ದು ಮಾತ್ರ. ಮತ ಇಲ್ಲ. ತಿಂಗಳು ಬಿಟ್ಟು ಎರಡನೆಯದು.

ಕರೆಯಲಿಕ್ಕೆ ನಾನೇ ಅಜ್ಜನ ಮನೆಗೆ ಹೋದೆ. ಆ ಹುಡುಗನೂ ಬಂದ. ಅಜ್ಜ ಬೆಲ್ಲ ನೀರು ಕೊಟ್ಟರು, ಸಭೆಯ ಸುದ್ದಿ ಮಾತ್ರ ಎತ್ತಲಿಲ್ಲ. ಎರಡನೆಯ ಸಭೆಗೆ ಬಂದವರು ಖಜಾಂಚಿಯ ಮೇಜಿನ ಮೇಲೆ ಬಾಕಿ ಎಣಿಸಿಟ್ಟು, ರಶೀದಿ ಕೇಳಿ ಪಡೆದರು. ಬಾಕಿದಾರರಿಗೆ ಮತವಿಲ್ಲ ಎಂಬ ನಿಯಮ ಇರಲಿ ಎನ್ನುವುದಕ್ಕೆ ಕೈ ಎತ್ತಿದವರಲ್ಲಿ ಅವರೂ ಒಬ್ಬರು. ಲಿಖಿತ ತಿಳಿವಳಿಕೆ ಕನ್ನಡದಲ್ಲೇ ಇರಬೇಕು ಎಂದು ಸೇರಿಸಿದ್ದು ಆ ಹುಡುಗ.