ಮಗ್ಗದಿಂದ ಇನ್ನೋವಾಕ್ಕೆ, ನೇಗಿಲಿನಿಂದ ಬಿಡದಿಗೆ

ಕಾಗವಾಡದಿಂದ ಮಿರಜಕ್ಕೆ ಹೋಗುವ ರಸ್ತೆಯ ಬದಿಗೆ ಒಂದು ತಾಸು ನಿಂತರೆ ಈ ಭಾಗದ ವಾಹನಗಳ ಇತಿಹಾಸವೆಲ್ಲ ಕಣ್ಣ ಮುಂದೆ ಹಾದುಹೋಗುತ್ತದೆ. ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳು, ಒಳಗೂ ಮೇಲೂ ಜನ ತುಂಬಿದ ಕ್ರೂಸರ್‌ಗಳು, ಅವುಗಳ ನಡುವೆ ರೋಗಿಗಳನ್ನು ಮಿರಜದ ಆಸ್ಪತ್ರೆಗಳಿಗೆ ಕರೆದೊಯ್ಯುವ ಅಥವಾ ಪಂಢರಪುರಕ್ಕೆ ಹೊರಟ ಬಾಡಿಗೆಯ ಬಿಳಿ ಇನ್ನೋವಾಗಳು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಗಳ ಬಾಡಿಗೆ ವಾಹನಗಳ ನಿಲ್ದಾಣದಲ್ಲಿ ಯಾವ ಗಾಡಿ ಒಳ್ಳೆಯದೆಂದು ಕೇಳಿದರೆ ಹೆಚ್ಚಿನ ಉತ್ತರ ಒಂದೇ: ಟೊಯೋಟಾದ ಎಂಜಿನ್ ಸಾಯುವುದಿಲ್ಲ. ಈ ಮಾತಿನಲ್ಲಿ ಎಷ್ಟು ನಿಜವಿದೆ, ಎಷ್ಟು ನಂಬಿಕೆಯಿದೆ ಎಂದು ನೋಡುವ ಮೊದಲು ಈ ಗಾಡಿ ನಮ್ಮ ರಾಜ್ಯಕ್ಕೆ ಬಂದ ದಾರಿಯನ್ನು ತಿಳಿಯಬೇಕು. ಆ ದಾರಿಯ ಒಂದು ತುದಿ ಜಪಾನಿನಲ್ಲಿದ್ದರೆ ಇನ್ನೊಂದು ತುದಿ ಇಲ್ಲಿಯೇ, ಬೆಳಗಾವಿ ಜಿಲ್ಲೆಯಲ್ಲಿದೆ.

ಸಾಕಿಚಿ ಟೊಯೋಡ ಹುಟ್ಟಿದ್ದು 1867ರಲ್ಲಿ, ಜಪಾನಿನ ಒಂದು ಹಳ್ಳಿಯಲ್ಲಿ. ಲಕ್ಷ್ಮಣರಾವ್ ಕಿರ್ಲೋಸ್ಕರ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಇಬ್ಬರಿಗೂ ಯಂತ್ರಗಳ ಹುಚ್ಚು. ಲಕ್ಷ್ಮಣರಾಯರು ಚಿತ್ರಕಲೆ ಕಲಿಯಲು ಮುಂಬಯಿಗೆ ಹೋದರು. ಅವರ ಕಣ್ಣಿಗೆ ಭಾಗಶಃ ವರ್ಣಾಂಧತೆ ಇದ್ದುದರಿಂದ ಬಣ್ಣವನ್ನು ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು, ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಬೋಧಿಸಿದರು. 1888ರಲ್ಲಿ ಅಣ್ಣ ರಾಮಚಂದ್ರರಾಯರೊಡನೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಆರಂಭವಾಯಿತು. ನಗರದ ಕಿರ್ಲೋಸ್ಕರ ರಸ್ತೆಯ ಹೆಸರು ಆ ಕುಟುಂಬದ ನೆನಪು. ಅಂಗಡಿಯ ನಂತರ ಮೇವು ಕತ್ತರಿಸುವ ಯಂತ್ರ ಬಂದಿತು, 1903ರಲ್ಲಿ ಕಬ್ಬಿಣದ ನೇಗಿಲು.

ನೇಗಿಲಿನ ಕಥೆ ಇಂದಿನ ವಿದ್ಯಾರ್ಥಿಗಳಿಗೆ ಗೊತ್ತಿರಬೇಕು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ನಂಬಿದ್ದರು. ಮೊದಲ ನೇಗಿಲುಗಳು ಮಾರಾಟವಾಗಲು ಸುಮಾರು ಎರಡು ವರ್ಷ ಹಿಡಿಯಿತು. ಆ ರೈತರನ್ನು ನೋಡಿ ನಗುವುದು ಸುಲಭ. ಆದರೆ ಬಿತ್ತನೆ ಒಂದು ಸಲ ಕೆಟ್ಟರೆ ವರ್ಷದ ಅನ್ನ ಹೋಗುವವನು ಹೊಸ ಉಪಕರಣವನ್ನು ನೆರೆಯವನ ಹೊಲದಲ್ಲಿ ಮೊದಲು ನೋಡಿ, ನಂತರ ತನ್ನ ಹೊಲಕ್ಕೆ ತರುವುದು ವಿವೇಕವೇ ಸರಿ. ಅವನಿಗೆ ಬೇಕಾಗಿದ್ದದ್ದು ಪ್ರಯೋಗದ ಫಲಿತಾಂಶ, ಜಾಹೀರಾತಲ್ಲ.

ಬೆಳಗಾವಿಯಲ್ಲಿ ಪುರಸಭೆಯ ಹೊಸ ಬಡಾವಣೆಗಾಗಿ ಜಾಗ ಬಿಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ರಾಜರು ಕುಂಡಲ ರೈಲು ನಿಲ್ದಾಣದ ಬಳಿ ಬಂಜರು ಭೂಮಿ ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಕಾಗವಾಡದವರು ಮಿರಜ, ಸಾಂಗಲಿ ದಾಟಿ ಪುಣೆಯ ಕಡೆ ರೈಲಿನಲ್ಲಿ ಹೋಗುವಾಗ ಆ ನಿಲ್ದಾಣವನ್ನು ಕಾಣುತ್ತಾರೆ. ನೇಗಿಲಿನ ನಂತರ ಪಂಪು, ಡೀಸೆಲ್ ಎಂಜಿನ್. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ದಂಡೆಯ ರೈತ ಟೊಯೋಟಾ ಎಂಬ ಶಬ್ದ ಕೇಳುವ ಎಷ್ಟೋ ಮೊದಲು ಕಿರ್ಲೋಸ್ಕರ ಎಂಬ ಶಬ್ದವನ್ನು ಎಂಜಿನಿನ ಮೈಮೇಲೆ ಓದಿದ್ದ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಕಾರ್ಖಾನೆ ಲೇತ್‌ಗಳ ತಯಾರಿಕೆಗೆ ಆರಂಭವಾಯಿತು. ನಮ್ಮ ಅನೇಕ ಪಾಲಿಟೆಕ್ನಿಕ್‌ಗಳ ವರ್ಕ್‌ಶಾಪಿನಲ್ಲಿ ಆ ಲೇತ್‌ಗಳಿದ್ದವು.

ಇತ್ತ ಟೊಯೋಡ ಹಿಡಿದದ್ದು ಮಗ್ಗವನ್ನು. ನಮ್ಮ ನೆರೆಯ ಇಚಲಕರಂಜಿಯ ವಿದ್ಯುನ್ಮಗ್ಗಗಳಲ್ಲಿ ದುಡಿದವರು ಗಡಿಯ ಹಳ್ಳಿಗಳಲ್ಲಿ ಎಷ್ಟೋ ಜನ. ಸಾದಾ ಮಗ್ಗದ ಮುಂದೆ ನಿಂತವನ ಮುಖ್ಯ ಕೆಲಸ ಕಾಯುವುದೇ ಎಂಬುದನ್ನು ಅವರು ಹೇಳಬಲ್ಲರು. ಹಾಸಿನ ಒಂದು ಎಳೆ ತುಂಡಾದರೂ ಮಗ್ಗಕ್ಕೆ ಅದು ತಿಳಿಯುವುದಿಲ್ಲ. ನೇಯ್ಗೆ ಮುಂದುವರಿದು ಮೊಳಗಟ್ಟಲೆ ಬಟ್ಟೆ ಕೆಡುತ್ತದೆ. ಇದಕ್ಕೆ ಪರಿಹಾರ ಸರಳ ಗುರುತ್ವವೇ. ಪ್ರತಿ ಎಳೆಯ ಮೇಲೆ ಒಂದು ತೆಳುವಾದ ಲೋಹದ ಪಟ್ಟಿ ತೂಗುತ್ತಿರುತ್ತದೆ. ಎಳೆಯ ಬಿಗಿತ ಇರುವವರೆಗೆ ಪಟ್ಟಿ ಮೇಲೆ. ಎಳೆ ತುಂಡಾದೊಡನೆ ಬಿಗಿತ ಶೂನ್ಯ, ಪಟ್ಟಿ ಕೆಳಗೆ ಬೀಳುತ್ತದೆ, ಚಲಿಸುತ್ತಿರುವ ಭಾಗಕ್ಕೆ ಅಡ್ಡ ಸಿಕ್ಕಿ ಮಗ್ಗ ನಿಲ್ಲುತ್ತದೆ. ಇಂಥ ನಿಲುಗಡೆಯ ವ್ಯವಸ್ಥೆಯೊಂದಿಗೆ, ಓಟ ನಿಲ್ಲಿಸದೆ ಲಾಳಿಯನ್ನು ಬದಲಿಸುವ ಟೊಯೋಡರ 'ಜಿ' ಮಾದರಿಯ ಸ್ವಯಂಚಾಲಿತ ಮಗ್ಗ 1924ರಲ್ಲಿ ಪೂರ್ಣಗೊಂಡಿತು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಅದರ ಹಕ್ಕನ್ನು ಒಂದು ಲಕ್ಷ ಪೌಂಡಿಗೆ ಕೊಳ್ಳಲು ಒಪ್ಪಿತು. ಆ ಹಣದಿಂದಲೇ ಮಗ ಕಿಚಿರೊ ಕಾರು ಕಟ್ಟಿದ ಎಂಬುದು ಜನಪ್ರಿಯ ಕಥೆ. ವಾಸ್ತವ ಅಷ್ಟು ನೇರವಲ್ಲ. ಪ್ಲಾಟ್ ಕಂಪನಿ ಮುಂದೆ ಚೌಕಾಶಿ ಮಾಡಿ ಮೊತ್ತವನ್ನು ಇಳಿಸಿಕೊಂಡಿತು. ಏನೇ ಇರಲಿ, 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಮೋಟಾರು ವಿಭಾಗ ಆರಂಭವಾಯಿತು. 1936ರಲ್ಲಿ 'ಎಎ' ಕಾರು ಬಂದಿತು; ಜಪಾನಿ ಲಿಪಿಯಲ್ಲಿ ಎಂಟೇ ಗೀಟುಗಳಲ್ಲಿ ಬರೆಯಬಹುದಾದ 'ಟೊಯೋಟಾ' ಎಂಬ ಹೆಸರೂ ಅದೇ ವರ್ಷದ್ದು. 1937ರಲ್ಲಿ ಪ್ರತ್ಯೇಕ ಕಂಪನಿಯಾಯಿತು. 1950ರಲ್ಲಿ ಅದು ದಿವಾಳಿಯ ಅಂಚಿಗೆ ಬಂದು, ಮುಷ್ಕರದ ನಡುವೆ ಕಿಚಿರೊ ರಾಜೀನಾಮೆ ಕೊಟ್ಟರು. ಕೊರಿಯಾ ಯುದ್ಧದ ಟ್ರಕ್ ಬೇಡಿಕೆ ಕಂಪನಿಯನ್ನು ಉಳಿಸಿತು.

ತಪ್ಪು ಕಂಡಲ್ಲಿ ಯಂತ್ರ ತಾನೇ ನಿಲ್ಲಬೇಕೆಂಬ ಮಗ್ಗದ ತತ್ವವೇ ಮುಂದೆ ಕಾರಿನ ಜೋಡಣೆಯ ಸಾಲಿಗೆ ಬಂದಿತು. ದೋಷ ಕಂಡ ಕಾರ್ಮಿಕ ಹಗ್ಗ ಎಳೆದು ಸಾಲನ್ನು ನಿಲ್ಲಿಸಬಹುದು.

ಎರಡೂ ಮನೆತನಗಳು ಕೂಡಿದ್ದು ಕಾರಿನಿಂದಲ್ಲ, ಜವಳಿಯಿಂದ. 1995ರಲ್ಲಿ ಬೆಂಗಳೂರಿನ ಬಳಿಯ ಜಿಗಣಿಯಲ್ಲಿ ನೂಲುವ ಯಂತ್ರಗಳಿಗಾಗಿ ಕಿರ್ಲೋಸ್ಕರ ಟೊಯೋಡ ಕಂಪನಿ ಸ್ಥಾಪನೆಯಾಯಿತು. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ ಮೋಟಾರ್ ನೋಂದಣಿಯಾಗಿ ಬಿಡದಿಯಲ್ಲಿ 432 ಎಕರೆಯ ಕಾರ್ಖಾನೆ ಎದ್ದಿತು. ಇದರ ಹಿಂದಿದ್ದವರು ಲಕ್ಷ್ಮಣರಾಯರ ಮರಿಮಗ ವಿಕ್ರಮ್ ಕಿರ್ಲೋಸ್ಕರ. 2022ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಆದರೆ ಬಂಡವಾಳದಲ್ಲಿ ಕಿರ್ಲೋಸ್ಕರರ ಪಾಲು ಶೇಕಡ 11, ಟೊಯೋಟಾದ್ದು 89. ನೇಗಿಲನ್ನು ತಾನೇ ಎರಕ ಹೊಯ್ದ ಮನೆತನ ಕಾರಿನ ವಿನ್ಯಾಸವನ್ನು ಹೊರಗಿನಿಂದ ಪಡೆಯಬೇಕಾಯಿತು. ಹರಿಹರದ ಲೇತ್ ಕಾರ್ಖಾನೆ ಮುಚ್ಚಿದ ಕಾಲವೂ ಹೆಚ್ಚುಕಡಿಮೆ ಅದೇ. ನನಗೆ ಇದು ಇಂದಿಗೂ ನೋವಿನ ಸಂಗತಿ. ಆದರೂ ಇನ್ನೊಂದು ಮಾತನ್ನು ಹೇಳಲೇಬೇಕು: ಬಿಡದಿಯ ಅಂಗಸಂಸ್ಥೆಯಲ್ಲಿ ತಯಾರಾದ ಗೇರ್ ಪೆಟ್ಟಿಗೆಗಳು 2004ರಿಂದ ಬೇರೆ ದೇಶಗಳ ಟೊಯೋಟಾ ವಾಹನಗಳಿಗೂ ಹೋಗಿವೆ. ಸೂಕ್ಷ್ಮ ಅಳತೆಯ ಗೇರು ಕೊರೆಯುವ ಕೌಶಲ ನಮ್ಮ ಹುಡುಗರಿಗೆ ಬಂದದ್ದು ಸಣ್ಣ ಸಂಗತಿಯಲ್ಲ. ಅಲ್ಲಿನ ಕಾರ್ಮಿಕ ಸಂಬಂಧ ಮಾತ್ರ ಸುಗಮವಾಗಿರಲಿಲ್ಲ. 2006, 2014, 2020ರಲ್ಲಿ ಮುಷ್ಕರ, ಬೀಗಮುದ್ರೆಗಳಾದವು. ಕೊನೆಯ ಸಲ ಕೆಲಸದ ಹೊರೆ ವಿಪರೀತವಾಗಿದೆ ಎಂಬುದು ಕಾರ್ಮಿಕರ ದೂರು; ಆಡಳಿತ ಅದನ್ನು ಒಪ್ಪಲಿಲ್ಲ.

2000ದ ಜನವರಿಯಲ್ಲಿ ಬಂದ ಮೊದಲ ಗಾಡಿ ಕ್ವಾಲಿಸ್. ಇಂಡೊನೇಷ್ಯಾದಲ್ಲಿ 1977ರಿಂದ ಮಾರುತ್ತಿದ್ದ 'ಕಿಜಾಂಗ್' ಎಂಬ ದುಡಿಮೆಯ ಗಾಡಿಯ ವಂಶ ಅದು. ಡಬ್ಬಿಯ ಆಕಾರ, ಹಿಂದೆ ಪಟ್ಟಿ ಸ್ಪ್ರಿಂಗು, 2446 ಸಿ.ಸಿ.ಯ ಹಳೆಯ ಮಾದರಿಯ ಡೀಸೆಲ್ ಎಂಜಿನ್. ಪತ್ರಿಕೆಗಳು ರೂಪವನ್ನು ಹಳಿದವು, ಜನ ಕೊಂಡರು. ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ಅದನ್ನು ನಿಲ್ಲಿಸಿ 2005ರಲ್ಲಿ ಇನ್ನೋವಾ ತಂದರು. ಹಳೆಯ ಕ್ವಾಲಿಸ್‌ನ ಮಾಲೀಕರು ಇಂದಿಗೂ ಅದನ್ನು ಕ್ಷಮಿಸಿದಂತಿಲ್ಲ.

ಎಂಜಿನ್ ಸಾಯುವುದಿಲ್ಲ ಎಂಬ ಮಾತಿಗೆ ಭೌತಶಾಸ್ತ್ರ ಏನೆನ್ನುತ್ತದೆ? ಮೊದಲ ಇನ್ನೋವಾದ 2494 ಸಿ.ಸಿ. ಎಂಜಿನ್ನಿನ ಗರಿಷ್ಠ ಸಾಮರ್ಥ್ಯ 102 ಅಶ್ವಶಕ್ತಿ, ಅಂದರೆ ಸುಮಾರು 75 ಕಿಲೊವ್ಯಾಟ್. ತಿರುಗುಬಲ, ಅಂದರೆ ಟಾರ್ಕ್, 200 ನ್ಯೂಟನ್ ಮೀಟರ್. ಅದು ನಿಮಿಷಕ್ಕೆ 1400 ಸುತ್ತುಗಳಿಂದಲೇ ದೊರೆಯುತ್ತದೆ. ಟಾರ್ಕನ್ನು ಕೋನೀಯ ವೇಗದಿಂದ ಗುಣಿಸಿದರೆ ಸಾಮರ್ಥ್ಯ. 1400 ಸುತ್ತುಗಳಲ್ಲಿ ಕೋನೀಯ ವೇಗ ಸೆಕೆಂಡಿಗೆ 146.6 ರೇಡಿಯನ್, ಸಾಮರ್ಥ್ಯ 29 ಕಿಲೊವ್ಯಾಟ್. ಎಂಟು ಜನ ಕೂತ ಗಾಡಿಯ ದ್ರವ್ಯರಾಶಿ 2200 ಕಿಲೊಗ್ರಾಂ ಎಂದುಕೊಳ್ಳೋಣ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಳಿಯ ರೋಧ ಹಾಗೂ ಗಾಲಿಗಳ ಉರುಳು ಘರ್ಷಣೆ ಕೂಡಿ ಸುಮಾರು 550 ನ್ಯೂಟನ್ ಆಗುತ್ತದೆ. ಅದಕ್ಕೆ ಬೇಕಾದದ್ದು ಕೇವಲ 12 ಕಿಲೊವ್ಯಾಟ್, ಎಂಜಿನ್ನಿನ ಶಕ್ತಿಯ ಆರರಲ್ಲಿ ಒಂದು ಪಾಲು! ಪಿಸ್ಟನ್ನಿನ ಚಲನದೂರ 93.8 ಮಿ.ಮೀ. 2000 ಸುತ್ತುಗಳಲ್ಲಿ ಅದರ ಸರಾಸರಿ ವೇಗ ಸೆಕೆಂಡಿಗೆ 6.25 ಮೀಟರ್, 3600ರಲ್ಲಿ 11 ಮೀಟರಿಗೂ ಹೆಚ್ಚು. ನಿಧಾನವಾಗಿ, ಅವಸರವಿಲ್ಲದೆ ದುಡಿಯುವ ಪಿಸ್ಟನ್ ಮತ್ತು ಉಂಗುರಗಳು ಕಡಿಮೆ ಸವೆಯುತ್ತವೆ. ಮಾಲೀಕರ ಅನುಭವಕ್ಕೆ ಕಾರಣವುಂಟು.

ಆದರೆ ಅದೇ ಮಾಲೀಕರು ದೂರುವುದೂ ಉಂಟು. ಲೀಟರಿಗೆ 10–12 ಕಿ.ಮೀ. ದಾಟುವುದು ಕಷ್ಟ, ಬಿಡಿಭಾಗ ದುಬಾರಿ, ಹೊಸ ಗಾಡಿಯ ಬೆಲೆ ಕೈಗೆಟುಕುವುದಿಲ್ಲ. ಇಂಜೆಕ್ಟರ್ ಕೆಟ್ಟರೆ ಒಂದು ತಿಂಗಳ ಬಾಡಿಗೆ ಹೋಯಿತೆಂದೇ ಲೆಕ್ಕ. ಹೊಸ ಮಾದರಿಯ ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಸಾವಿರಕ್ಕೂ ಹೆಚ್ಚು ವಾಯುಮಂಡಲಗಳ ಒತ್ತಡದಲ್ಲಿ ಕೂದಲಿನಂಥ ರಂಧ್ರಗಳಿಂದ ಚಿಮ್ಮುವುದರಿಂದ ಡೀಸೆಲ್ಲಿನಲ್ಲಿ ನೀರು, ಕಸ ಇದ್ದರೆ ಅದು ತಡೆಯದು. ಕ್ವಾಲಿಸ್‌ನ ಹಳೆಯ ಪಂಪು ಇದನ್ನು ಎಷ್ಟೋ ಸಹಿಸುತ್ತಿತ್ತು.

ಇನ್ನೊಂದು ಎಚ್ಚರ ಬೇಕು. ನಾವು ಮಾತನಾಡಿಸುವುದು ಇನ್ನೂ ಓಡುತ್ತಿರುವ ಗಾಡಿಯ ಮಾಲೀಕನನ್ನು. ಗುಜರಿಗೆ ಹೋದದ್ದರ ಮಾಲೀಕ ನಿಲ್ದಾಣದಲ್ಲಿ ಇರುವುದೇ ಇಲ್ಲ. ವಿಕಿರಣಶೀಲ ವಸ್ತುವಿನ ಅರ್ಧಾಯುಷ್ಯವನ್ನು ಉಳಿದ ಪರಮಾಣುಗಳನ್ನಷ್ಟೇ ನೋಡಿ ಹೇಳಲಾಗದು. ಆರಂಭದಲ್ಲಿ ಎಷ್ಟಿದ್ದವೆಂಬುದೂ ಬೇಕು. ಹೆಚ್ಚು ಹಣ ಕೊಟ್ಟವನು ಹೆಚ್ಚು ಜೋಪಾನವನ್ನೂ ಮಾಡುತ್ತಾನೆ. ಓಡಿದ ದೂರ ತೋರಿಸುವ ಮೀಟರನ್ನು ತಿರುಗಿಸುವವರೂ ಇದ್ದಾರೆ. ಒಂದು ವರ್ಷ ನೋಂದಣಿಯಾದ ಕೆಎ-23ರ ಗಾಡಿಗಳೆಷ್ಟು, ಹದಿನೈದು ವರ್ಷದ ನಂತರ ನವೀಕರಣಕ್ಕೆ ಬಂದವೆಷ್ಟು ಎಂದು ಮಾದರಿವಾರು ಎಣಿಸಿದರೆ ಪದವಿ ತರಗತಿಯ ವಿದ್ಯಾರ್ಥಿಗಳಿಗೆ ಅದೊಂದು ಒಳ್ಳೆಯ ಯೋಜನಾಕಾರ್ಯ.

ಅಳತೆಯ ಮಾತು ಬಂದುದರಿಂದ ಕೊನೆಗೆ ಒಂದು ಘಟನೆ. 2024ರ ಜನವರಿ 29ರಂದು ಟೊಯೋಟಾ ಇಂಡಸ್ಟ್ರೀಸ್ ಮೂರು ಮಾದರಿಯ ಡೀಸೆಲ್ ಎಂಜಿನ್‌ಗಳ ಪ್ರಮಾಣೀಕರಣ ಪರೀಕ್ಷೆಯಲ್ಲಿ ಅಕ್ರಮ ನಡೆದಿದೆಯೆಂದು ಪ್ರಕಟಿಸಿತು. ಅಶ್ವಶಕ್ತಿಯ ಅಳತೆಯಲ್ಲಿ ಏರಿಳಿತ ಕಡಿಮೆ ಕಾಣುವಂತೆ, ಮಾರಾಟದ ಗಾಡಿಗಳಲ್ಲಿ ಇಲ್ಲದ ತಂತ್ರಾಂಶವನ್ನು ನಿಯಂತ್ರಕದಲ್ಲಿ ಹಾಕಿ ಪರೀಕ್ಷೆ ಮಾಡಲಾಗಿತ್ತು. ನಮ್ಮಲ್ಲಿ ಇನ್ನೋವಾ ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್ ಗಾಡಿಗಳ ರವಾನೆ ಕೆಲವು ದಿನ ನಿಂತು, ಫೆಬ್ರುವರಿಯಲ್ಲಿ ಮತ್ತೆ ಆರಂಭವಾಯಿತು. ಎಂಜಿನ್‌ಗಳು ನಿಗದಿತ ಸಾಮರ್ಥ್ಯವನ್ನು ಕೊಡುತ್ತವೆ, ಓಡಿಸುವುದನ್ನು ನಿಲ್ಲಿಸಬೇಕಾಗಿಲ್ಲ ಎಂದು ಟೊಯೋಟಾ ಹೇಳಿತು. ಹಾಗಾದರೆ ತಿದ್ದುವ ಅಗತ್ಯವೇನಿತ್ತು? ಈ ಪ್ರಶ್ನೆ ಪ್ರಯೋಗಾಲಯದಲ್ಲಿ ಪಾಠ ಹೇಳುವ ನಮಗೆ ಹೊಸದಲ್ಲ. ಲೋಲಕದ ಆವರ್ತಕಾಲ ಅಳೆಯುವ ವಿದ್ಯಾರ್ಥಿ ಗ್ರಾಫಿನ ಗೆರೆಯಿಂದ ಹೊರಗೆ ಬಿದ್ದ ಒಂದು ಚುಕ್ಕೆಯನ್ನು ಅಳಿಸಿ, ಗೆರೆಯ ಮೇಲೆ ಇಟ್ಟು, ಸಹಿಗಾಗಿ ರೆಕಾರ್ಡ್ ಪುಸ್ತಕ ತರುತ್ತಾನೆ. ಅವನ ಉತ್ತರ ಸರಿಯಾಗಿಯೇ ಇರುತ್ತದೆ. ಆದರೂ ಪ್ರಯೋಗವನ್ನು ಮತ್ತೆ ಮಾಡಿಸುತ್ತೇವೆ. ಅಕ್ರಮವನ್ನು ಒಪ್ಪಿಕೊಂಡ ಈ ಟೊಯೋಟಾ ಇಂಡಸ್ಟ್ರೀಸ್ ಬೇರಾವುದೂ ಅಲ್ಲ; ಎಳೆ ತುಂಡಾದರೆ ತಾನೇ ನಿಲ್ಲುವ ಮಗ್ಗವನ್ನು ತಯಾರಿಸಲು 1926ರಲ್ಲಿ ಸಾಕಿಚಿ ಟೊಯೋಡ ಕಟ್ಟಿದ ಕಂಪನಿ.